ಬಿಸಿಬಂಡೆಯ ಊರು

ಆ ಮಧ್ಯಾಹ್ನ ರಾಯಚೂರಿನ ಬಿಸಿಲು ಐವತ್ತೆರಡು ಡಿಗ್ರಿ ಮುಟ್ಟಿತ್ತು. ರಸ್ತೆಯ ಡಾಂಬರು ಕರಗಿ ಚಕ್ರಗಳಿಗೆ ಅಂಟುತ್ತಿತ್ತು. ಆದರೆ ಕೋಟೆಯಾಚೆಯ ಹೊಸ ಬಡಾವಣೆಯಲ್ಲಿ ಬಾಣಂತಿಯರು ಚಾದರ ಹೊದ್ದು ಮಲಗಿದ್ದರು. ಆ ತಂಪು ಭೂವಿಜ್ಞಾನಿ ಮಹಾನಂದಾ ಹೂಗಾರಳ ಕೊಡುಗೆ. ಊರ ಹೊರಗೆ ಅವಳು ಐದು ಕಿಲೋಮೀಟರ್ ಆಳದ ಎರಡು ಬಾವಿ ಕೊರೆಸಿದ್ದಳು. ಒಂದರಲ್ಲಿ ಒತ್ತಿ ಇಳಿಸಿದ ನೀರು ಆಳದ ಕಾದ ಬಂಡೆಯ ಬಿರುಕುಗಳಲ್ಲಿ ಹರಿದು, ಇನ್ನೊಂದರಿಂದ ಹಬೆಯಾಗಿ ನುಗ್ಗಿಬಂದು ಟರ್ಬೈನು ತಿರುಗಿಸುತ್ತಿತ್ತು. ಆ ವಿದ್ಯುತ್ತಿನ ಬಲದಿಂದ ಮನೆಗಳ ಸೆಕೆ ಅಂಗಳದಡಿ ಹೂತ ಕೊಳವೆಗಳ ಮೂಲಕ ಮಣ್ಣಿಗೆ ಇಳಿದುಹೋಗುತ್ತಿತ್ತು; ಚಳಿಗಾಲದಲ್ಲಿ ಅದೇ ಕೊಳವೆಗಳು ಬೆಚ್ಚಗಿನ ಗಾಳಿ ಕೊಡುತ್ತಿದ್ದವು.

ಊಟದ ಹೊತ್ತಿಗೆ ನೆಲ ನಡುಗಿತು. ಶಾಲೆಯ ಕಾಂಪೌಂಡು ಕುಸಿದು ಇಬ್ಬರು ಹೆಂಗಸರು ಅದರಡಿ ಸಿಕ್ಕಿ ಸತ್ತರು. ಮಹಾನಂದಾ ಪಂಪುಮನೆಯ ಕಂಪನಮಾಪಕದಲ್ಲಿ ನಡುಕದ ಗುರುತುಗಳನ್ನು ನೋಡಿದಳು. ಬೇಡಿಕೆ ಏರಿದಂತೆ ನೀರಿನ ಒತ್ತಡವನ್ನೂ ಏರಿಸಲಾಗಿತ್ತು; ಕಚ್ಚಿಕೊಂಡು ಕೂತಿದ್ದ ಬಂಡೆಗಳನ್ನು ಆ ಒತ್ತಡ ಸಡಿಲಿಸಿ ಜಾರಿಸುತ್ತಿತ್ತು. ಮುಂದಿನ ಜಾರುವಿಕೆ ಇನ್ನೂ ದೊಡ್ಡದಾದೀತೆಂದು ಅವಳಿಗೆ ಅನ್ನಿಸಿತು. ಮೊದಲ ಬಾವಿಯಿಂದಲೂ ಜೊತೆಗಿದ್ದ ಇಲಿಯಾಸನಿಗೆ ಪಂಪು ನಿಲ್ಲಿಸಲು ಹೇಳಿದಳು. ಅವನು ಕವಾಟ ಮುಚ್ಚಿ ಪಂಪು ನಿಲ್ಲಿಸಿದ.

ಬಡಾವಣೆಯ ಮನೆಗಳಿಗೆ ಕಿಟಕಿಗಳಿರಲಿಲ್ಲ. ತಂಪು ಸೋರಿಹೋಗುತ್ತದೆಂದು ಯಾರೂ ಇಡಿಸಿರಲಿಲ್ಲ. ಹಬೆ ನಿಂತು ಮನೆಗಳ ವಿದ್ಯುತ್ತು ಹೋಯಿತು; ಗಂಟೆಯೊಳಗೆ ಅವು ರೊಟ್ಟಿ ಸುಡುವ ಒಲೆಗಳಾದವು. ಜನ ಪಂಪುಮನೆಗೆ ನುಗ್ಗಿಬಂದರು. ಮುಂದಿದ್ದವನು ಆ ಮನೆಗಳನ್ನು ಕಟ್ಟಿಸಿದ ಶಿವಶರಣಪ್ಪ. ಕೈಯಲ್ಲಿ ಕಬ್ಬಿಣದ ಸರಳು.

"ಅಕ್ಕಾರ, ನೀರು ಬಿಡ್ರಿ," ಎಂದ. ಕೂಗಲಿಲ್ಲ.

"ಬಿಟ್ರ ನೆಲ ಮತ್ತ ಜಾರತೈತ್ರಿ. ಓಣಿಗೆ ಓಣಿನೇ ಬೀಳಬಹುದು."

"ಬೀಳಬಹುದು ಅಂತೀರಿ. ನನ್ನ ಮೊಮ್ಮಗಳು ಈಗ ಸಾಯಾಕತ್ತೈತಿ."

ಇಲಿಯಾಸ್ ನೀರು ಬಿಡುವ ಕವಾಟದ ಚಕ್ರವನ್ನು ತಬ್ಬಿ ನಿಂತ. ಶಿವಶರಣಪ್ಪನ ಸರಳು ಅವನ ತಲೆಯ ಮೇಲೆ ಬಿತ್ತು. ಎರಡನೆಯ ಏಟಿಗೆ ಕುಸಿದ. ತಡೆಯಲು ಹೋದ ಮಹಾನಂದಾಳ ಬಲ ಮಣಿಕಟ್ಟು ಮುರಿಯಿತು. ಅವಳನ್ನು ಕೂದಲು ಹಿಡಿದು ಗೋಡೆಗೆ ಎಸೆದರು. ನಾಲ್ಕು ಜನ ಸೇರಿ ಚಕ್ರವನ್ನು ಪೂರ್ತಿ ತಿರುಗಿಸಿ ಪಂಪು ಚಾಲೂ ಮಾಡಿದರು. ಪಂಪುಗಳು ಗುಡುಗಿದವು. ಮನೆಗಳಲ್ಲಿ ತಂಪು ಬಂತೆಂಬ ಸುದ್ದಿ ಬಂದಾಗ ಕೆಲವರು ಅತ್ತೇಬಿಟ್ಟರು.

ಆಗ ನೆಲ ಎದ್ದು ಬಡಿಯಿತು. ಹಬೆಯ ಕೊಳವೆ ಸಿಡಿದು ಎದುರಿಗಿದ್ದವರ ಚರ್ಮ ಸುಲಿಯಿತು. ಹೊರಗೆ ಓಣಿಗಳು ಒಂದರ ಮೇಲೊಂದು ಬೀಳುವ ಸದ್ದು. ಮಹಾನಂದಾ ಇಲಿಯಾಸನ ಹೆಣವನ್ನು ದಾಟಿ, ಬಿಸಿ ನೀರಿನಲ್ಲಿ ತೆವಳಿ, ಎಡಗೈಯಿಂದ ಕವಾಟ ಮುಚ್ಚಿದಳು. ಮಗ್ಗುಲಲ್ಲಿ ಬೆಂದು ಬಿದ್ದಿದ್ದ ಶಿವಶರಣಪ್ಪ ಕೂಸಿನ ಹೆಸರು ಕರೆಯುತ್ತಿದ್ದ. ಕೂಸು ಬದುಕಿತು. ಅದರ ತಾಯಿ ಉಳಿಯಲಿಲ್ಲ.

ಹೊತ್ತು ಮುಳುಗುವಾಗ, ಬೀಳದೆ ಉಳಿದ ಮನೆಗಳ ಗೋಡೆಗಳನ್ನು ಜನ ಸುತ್ತಿಗೆಯಿಂದ ಒಡೆಯತೊಡಗಿದರು. ಒಳಗೆ ಸಿಕ್ಕಿಕೊಂಡ ಮುದುಕರಿಗೆ ಗಾಳಿ ಬೇಕಿತ್ತು.

ವಿಚಾರಣೆಯಲ್ಲಿ ಮಹಾನಂದಾ ಇಲಿಯಾಸನನ್ನು ಕೊಂದವನ ಹೆಸರು ಹೇಳಿದಳು. ಶಿವಶರಣಪ್ಪನಿಗೆ ಜೈಲಾಯಿತು. ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ, ತಂಪಿಗೆ ಒಂದೇ ದಾರಿ ಉಳಿಸಿ ಮಿಕ್ಕವನ್ನೆಲ್ಲ ಮುಚ್ಚಿದ ಮೇಲೆ ಆ ಒಂದು ದಾರಿಗಾಗಿ ಜನ ಕೊಲ್ಲುತ್ತಾರೆ ಎಂದಳು. ಬಾವಿಗಳು ಮತ್ತೆ ನಡೆದವು, ಕಡಿಮೆ ಒತ್ತಡದಲ್ಲಿ. ಪ್ರತಿ ಕೋಣೆಗೂ ಕಿಟಕಿ, ಪ್ರತಿ ಓಣಿಗೂ ನೆರಳಿನ ಗಿಡ ಕಡ್ಡಾಯವಾದವು.

ಆದರೆ ಗಿಡ ಬೆಳೆಯಲು ಕಾಲ ಬೇಕಿತ್ತು. ಊರಿನ ಹಳೆಯ ಗಿಡಗಳನ್ನು ಮೊದಲು ಕಡಿದದ್ದು ಯಾವಾಗ ಎಂದು ಅವಳು ಹಳಬರನ್ನು ವಿಚಾರಿಸಿದಳು. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಅಜ್ಜ ಅಜ್ಜಿಯರ ಕಾಲದಲ್ಲಿ, ಎರಡು ಸಾವಿರದ ಇಪ್ಪತ್ತರ ಆಸುಪಾಸಿನ ಯಾವುದೋ ಬೇಸಿಗೆಯಲ್ಲಿ, ಮನೆಗೊಂದು ಎ.ಸಿ. ತಂದು ಕಿಟಕಿ ಮುಚ್ಚಿ, ಇನ್ನು ಗಿಡದ ನೆರಳು ಯಾಕೆ ಎಂದುಕೊಂಡಾಗ ಅದು ಶುರುವಾಗಿತ್ತಂತೆ. ಅಂದು ಅದೊಂದು ದೊಡ್ಡ ನಿರ್ಧಾರವೆಂದು ಯಾರಿಗೂ ಅನ್ನಿಸಿರಲಿಲ್ಲ.