ಏಳನೇ ಗದ್ಯಭಾಗ

"ಇನ್ನು ಏಳನೇದು," ಎಂದು ಏಣಿ ಮೇಷ್ಟ್ರು ಹಾಳೆ ತಿರುವಿ ಗಂಟಲು ಸರಿಮಾಡಿಕೊಂಡು ಓದತೊಡಗಿದರು. "'ಆ ಹೆಂಗಸಿನ ಗಡಿಯಾರ ಕೆಟ್ಟಿರಲಿಲ್ಲ. ಆದರೂ ಅವಳು ಅದನ್ನು ರಿಪೇರಿಗೆ ತಂದಿದ್ದಳು...'"

ಮೇಜಿನ ಆಚೆ ಕೂತಿದ್ದ ಚಿಕ್ಕ ಮೇಡಂ ಎದೆ ಧಸಕ್ಕೆಂದಿತು. ಆ ವಾಕ್ಯ ಅವಳದು. ಅದರ ಮುಂದಿನದೂ ಅವಳದೇ. ಕೊನೆಯ ಸಾಲಿನವರೆಗೂ ಇಡೀ ಪುಟವನ್ನು ಅವಳು ಬರೆದದ್ದು, ಈಗ ಅದನ್ನು ಗಟ್ಟಿಯಾಗಿ ಓದುತ್ತಿರುವ ಈ ಮನುಷ್ಯನಿಗಾಗಿಯೇ. ಕೊಡುವ ಧೈರ್ಯವಾಗದೆ ಫೈಲಿನ ತಳದಲ್ಲಿ ಬಚ್ಚಿಟ್ಟಿದ್ದ ಪ್ರೇಮಪತ್ರ ಅದು.

ಪ್ರೇಮಪತ್ರ ಪರೀಕ್ಷೆಗೆ ಬಂದದ್ದು ಹೇಗೆ ಎಂದರೆ, ಅದೂ ಅವಳ ಕೈಗುಣವೇ. ಸಾಹಿತ್ಯ ಪರೀಕ್ಷೆಯ ಪ್ರಶ್ನೆಗಳನ್ನು ತಯಾರಿಸುವ ನಾಲ್ಕು ಜನರ ಸಮಿತಿ ಅವರದು. ವಿದ್ಯಾರ್ಥಿಗಳು ಎಲ್ಲೂ ಓದಿರದ ಗದ್ಯಭಾಗಗಳನ್ನು ಹುಡುಕಿ ತರುವುದು ಚಿಕ್ಕ ಮೇಡಂ ಕೆಲಸ. ಒಂದೊಂದಕ್ಕೂ ಆರು ಪ್ರಶ್ನೆ ಹಾಕುವುದು ಏಣಿ ಮೇಷ್ಟ್ರ ಕೆಲಸ. ಮೊದಲ ಮೆಟ್ಟಿಲು ನೆನಪು, ಎರಡನೇದು ಗ್ರಹಿಕೆ, ಆಮೇಲೆ ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ತುತ್ತತುದಿಯಲ್ಲಿ ಸೃಷ್ಟಿ. ಕೋಣೆಗೆ ಬಂದ ಕೂಡಲೇ ಬೋರ್ಡಿನ ಮೇಲೆ ಏಣಿ ಬರೆಯದೆ ಅವರು ಕುರ್ಚಿಯಲ್ಲಿ ಕೂತವರಲ್ಲ. ಹೆಸರು ಬಂದದ್ದೂ ಹಾಗೆಯೇ.

ಚಿಕ್ಕ ಮೇಡಂಗೆ ಮೂವತ್ತೆರಡು ವರ್ಷ. ಕಾಲೇಜಿನಲ್ಲಿದ್ದಾಗ ಒಬ್ಬನಿಗೆ ಕಾಗದ ಬರೆದಿದ್ದಳು. ಅವನು ಅದನ್ನು ಕ್ಯಾಂಟೀನಿನಲ್ಲಿ ಗೆಳೆಯರಿಗೆ ಓದಿ ಹೇಳಿ ನಗಿಸಿದ್ದ. ಆ ನಗು ಹನ್ನೆರಡು ವರ್ಷವಾದರೂ ಅವಳ ಕಿವಿಯಿಂದ ಹೋಗಿರಲಿಲ್ಲ. ಹಾಗಾಗಿ ಈ ಸಲ 'ನಾನು' 'ನೀವು' ಎಂದು ಬರೆಯಲು ಕೈ ಏಳದೆ, ಒಬ್ಬ ಗಡಿಯಾರ ರಿಪೇರಿಯವನ ಕಥೆ ಬರೆದಳು. ಕೆಲಸದ ಕೈ ಸುಮ್ಮನಿರುತ್ತದೆಯೇ? ಮಿಕ್ಕ ಗದ್ಯಭಾಗಗಳಂತೆಯೇ ಟೈಪ್ ಮಾಡಿ, ಅಗಲ ಮಾರ್ಜಿನ್ ಬಿಟ್ಟು, ಐದೈದು ಸಾಲಿಗೊಮ್ಮೆ ಸಂಖ್ಯೆಯನ್ನೂ ಹಾಕಿಬಿಟ್ಟಿತು. ನಿನ್ನೆ ಅವಳು ಅದು ತಳದಲ್ಲಿರುವುದನ್ನು ಮರೆತು ಇಡೀ ಫೈಲನ್ನು ಗುಮಾಸ್ತರಿಗೆ ಕೊಟ್ಟು ಜೆರಾಕ್ಸ್ ಮಾಡಿಸಿ ಎಂದಿದ್ದಳು. ಪಾಪ, ಅವರು ಒಂದು ಹಾಳೆಯನ್ನೂ ಬಿಡದ ಪ್ರಾಮಾಣಿಕ ಮನುಷ್ಯ.

ಓದಿ ಮುಗಿಯಿತು. ಅವಳು ಉಸಿರು ಬಿಗಿಹಿಡಿದು ನಗುವಿಗಾಗಿ ಕಾದಳು. ಯಾರೂ ನಗಲಿಲ್ಲ.

"ಚೆನ್ನಾಗಿದೆ," ಎಂದರು ಸಮಿತಿಯ ಅಧ್ಯಕ್ಷೆ ದೊಡ್ಡ ಮೇಡಂ. ನಿವೃತ್ತ ಹೆಡ್‌ಮಿಸ್ಟ್ರೆಸ್ ಆಕೆ, ಹೊಗಳಿಕೆಯಲ್ಲಿ ಬಹಳ ಕೈಬಿಗಿ. "ಯಾರು ಬರೆದದ್ದು? ಮೂಲದ ಹೆಸರೇ ಇಲ್ವಲ್ಲ?"

"ಹುಡುಕ್ಬೇಕು ಮೇಡಂ," ಎಂದಳು ಚಿಕ್ಕ ಮೇಡಂ.

"ಹುಡುಕಿ. ಹ್ಞಾಂ ಮೇಷ್ಟ್ರೇ, ಹತ್ತಿ ನಿಮ್ಮ ಏಣಿ."

ಏಣಿ ಮೇಷ್ಟ್ರು ಹತ್ತತೊಡಗಿದರು. ಒಂದು ಮೆಟ್ಟಿಲನ್ನೂ ಹಾರಿಸುವ ಜಾಯಮಾನ ಅವರದಲ್ಲ. "ಒಂದನೇದು ನೆನಪು. ಹೆಂಗಸು ಅಂಗಡಿಗೆ ಎಷ್ಟು ಸಲ ಬಂದಳು?"

"ಹದಿನಾಲ್ಕು ಸಲ, ಸಾಲು ಆರು," ಎಂದರು ಸಮಿತಿಯ ನಾಲ್ಕನೆಯವರಾದ ಗಡ್ಡದ ಮೇಷ್ಟ್ರು.

"ಎರಡನೇದು ಗ್ರಹಿಕೆ. ಕೆಡದ ಗಡಿಯಾರವನ್ನು ಅವಳು ಯಾಕೆ ತಂದಳು?"

"ಅಯ್ಯೋ, ಅದೂ ಒಂದು ಪ್ರಶ್ನೆಯೇ?" ದೊಡ್ಡ ಮೇಡಂ ನಕ್ಕರು. "ದಾರೀಲಿ ಹೋಗೋರಿಗೂ ಗೊತ್ತಾಗುತ್ತೆ."

"ದಾರೀಲಿ ಹೋಗೋರಿಗೆ ಗೊತ್ತಾಗುತ್ತೆ ಮೇಡಂ, ಅಂಗಡೀಲಿ ಕೂತವನಿಗೆ ಗೊತ್ತಾಗಿಲ್ಲ. ಮಜಾ ಇರೋದೇ ಅಲ್ಲಿ." ಅವರು ಪೆನ್ನಿನ ತುದಿಯಿಂದ ಕೆನ್ನೆ ಕೆರೆದುಕೊಂಡು, ಕನ್ನಡಕದ ಮೇಲಿನಿಂದ ಚಿಕ್ಕ ಮೇಡಂ ಕಡೆ ನೋಡಿದರು. ಆ ನೋಟ ಎಂದರೆ ಅವಳಿಗೆ ಎಂಥ ಪ್ರಾಣವೆಂದು ಅವರಿಗೆ ಗೊತ್ತಿರಲಿಲ್ಲ. ಇವತ್ತು ಮಾತ್ರ ಅದೇ ನೋಟಕ್ಕೆ ಅವಳು ಕುರ್ಚಿಗೆ ಒತ್ತಿಕೊಂಡಳು. "ಮೂರನೇದು ಅನ್ವಯ. ಜನ ಹೀಗೆ ನೆವ ಹುಡುಕಿಕೊಂಡು ಹೋಗೋದಕ್ಕೆ ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಡಿ. ನೀವು ಹೇಳಿ ಮೇಡಂ."

"ನನಗ್ಯಾವುದೂ ಹೊಳೀತಿಲ್ಲ ಸರ್."

ಉದಾಹರಣೆಗೇನು ಬರ! ಎರಡು ವರ್ಷದಿಂದ ಪ್ರತಿ ಶುಕ್ರವಾರ, ಗದ್ಯಭಾಗಗಳಿಗೆ ತಾನೇ ಬರೆದು ಮೂರು ಸಲ ತಿದ್ದಿದ ಟಿಪ್ಪಣಿ ಹಿಡಿದುಕೊಂಡು ಅವರ ಮೇಜಿನ ಹತ್ತಿರ ಹೋಗಿ, "ಒಂದ್ಸಲ ನೋಡ್ತೀರಾ ಸರ್?" ಎಂದು ಕೇಳುತ್ತಿದ್ದವಳು ಅವಳು. ಅವರು ಪುಟವನ್ನು ಬೆಳಕಿಗೆ ಹಿಡಿದು ಓದುವಷ್ಟು ಹೊತ್ತು, ಆ ಹಣೆಯ ಗೆರೆಗಳನ್ನು ನೋಡುತ್ತಾ ನಿಲ್ಲಬಹುದಿತ್ತು. ಆ ಐದು ನಿಮಿಷಕ್ಕಾಗಿ ಇಡೀ ವಾರ ಕಾಯುತ್ತಿದ್ದಳು.

"ಇರ್ಲಿ. ನಾಲ್ಕನೇದು ವಿಶ್ಲೇಷಣೆ." ಏಣಿ ಮೇಷ್ಟ್ರ ದನಿ ಏರಿತು. ಅವರ ಇಷ್ಟದ ಮೆಟ್ಟಿಲು ಅದು. "ಇಲ್ಲೊಂದು ವಿಚಿತ್ರ ಇದೆ ನೋಡಿ. ಸಾಲು ಹದಿನೆಂಟು. 'ರಿಪೇರಿಯವನ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಅದನ್ನು ಒರೆಸಲು ಅವಳ ಕೈ ಎಷ್ಟೋ ಸಲ ಎದ್ದು ಹಿಂದೆ ಬಂದಿತ್ತು.' ಅಲ್ಲಾ, ಗಡಿಯಾರ ರಿಪೇರಿ ಮಾಡೋನ ತೋಳಿಗೆ ಸೀಮೆಸುಣ್ಣ ಎಲ್ಲಿಂದ ಬಂತು?"

ಚಿಕ್ಕ ಮೇಡಂ ಅಷ್ಟು ಜೋಪಾನವಾಗಿ ವೇಷ ಹಾಕಿಸಿದ್ದಳು. ಅಂಗಡಿ ಕಟ್ಟಿದ್ದಳು, ಸ್ಕ್ರೂ ಸ್ಪ್ರಿಂಗು ಎಲ್ಲ ಇಟ್ಟಿದ್ದಳು. ತೋಳಿನ ಹತ್ತಿರ ಬಂದಾಗ ಮಾತ್ರ ಮೈಮರೆತು ಅವರನ್ನೇ ಬರೆದುಬಿಟ್ಟಿದ್ದಳು.

"ಹಾಗಿದ್ರೆ ಅವನು ನಮ್ಮ ಪೈಕಿಯವನೇ ಇರ್ಬೇಕು!" ಎಂದು ಗಡ್ಡದ ಮೇಷ್ಟ್ರು ತಮ್ಮ ತೋಳು ನೋಡಿಕೊಂಡು ನಕ್ಕರು.

ಏಣಿ ಮೇಷ್ಟ್ರು ನಗಲಿಲ್ಲ. ಆ ಸಾಲನ್ನು ಇನ್ನೊಮ್ಮೆ, ಈ ಸಲ ಮನಸ್ಸಿನಲ್ಲೇ ಓದಿಕೊಂಡರು. ತಲೆ ಎತ್ತಲಿಲ್ಲ. ನಿಧಾನವಾಗಿ ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಇದನ್ನ ತೆಗೆದುಬಿಡೋಣ ಮೇಡಂ," ಎಂದು ಚಿಕ್ಕ ಮೇಡಂ ಒಂದೇ ಉಸಿರಿನಲ್ಲಿ ಹೇಳಿದಳು.

"ತೆಗೀಬೇಕಂದ್ರೆ ರಿಜಿಸ್ಟರಲ್ಲಿ ಕಾರಣ ಬರೀಬೇಕು, ಇಬ್ಬರು ಸಹಿ ಹಾಕ್ಬೇಕು. ನಿಮಗೆ ಗೊತ್ತಲ್ಲ. ಊಟ ಮಾಡ್ತಾ ಯೋಚ್ನೆ ಮಾಡಿ," ಎಂದರು ದೊಡ್ಡ ಮೇಡಂ.

ಅವಳಿಗೆ ಊಟದ ಡಬ್ಬಿ ತೆರೆಯಲೂ ಆಗಲಿಲ್ಲ. ಪ್ರಶ್ನೆಗಳ ಗುಟ್ಟು ಕಾಯಲು ಎಲ್ಲರ ಫೋನುಗಳನ್ನೂ ಇಡಿಸಿದ್ದ ಬಾಗಿಲ ಹೊರಗಿನ ಟ್ರೇಯಿಂದ ಮೊಬೈಲ್ ಎತ್ತಿಕೊಂಡು ಕಾರಿಡಾರಿನ ತುದಿಗೆ ಓಡಿ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಕಾಗದ ಅವರ ಕೈ ಸೇರಿಬಿಡ್ತು."

"ಕೊಟ್ಯಾ? ಭಲೇ!"

"ನಾನೆಲ್ಲಿ ಕೊಟ್ಟೆ? ಜೆರಾಕ್ಸ್ ಆಗಿ ಎಲ್ಲರ ಕೈಗೂ ಹೋಗಿದೆ. ಅವರೇ ಗಟ್ಟಿಯಾಗಿ ಓದಿ ಪ್ರಶ್ನೆ ಹಾಕ್ತಿದಾರೆ ಕಣೇ!"

ಆ ಕಡೆ ಅಕ್ಕ ನಗು ನುಂಗುತ್ತಿದ್ದಾಳೆಂದು ತಂಗಿಗೆ ಗೊತ್ತಾಯಿತು. "ಎಷ್ಟು ಮಾರ್ಕ್ಸಿಗೆ?"

"ಅಕ್ಕಾ! ನನಗೆ ಜೀವ ಹೋಗ್ತಿದೆ."

"ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು? ಹೋಗಿ ಹೇಳ್ಬಿಡು. ಬೇಡ ಅಂದ್ರೆ ಮನೆಗೆ ಬಾ. ನಿಮ್ಮ ಭಾವ ಬೆಳಿಗ್ಗೆಯಿಂದ ನಲ್ಲಿ ಬಿಚ್ಚಿ ಕೂತಿದ್ದಾರೆ, ಮನೆ ತುಂಬ ನೀರು. ಅಳೋಕೂ ಬಿಡುವಿರಲ್ಲ ನಿನಗೆ."

ಫೋನ್ ಇಟ್ಟು ತಿರುಗಿದರೆ ಏಣಿ ಮೇಷ್ಟ್ರು ನಿಂತಿದ್ದಾರೆ. ಅವಳು ಗೋಡೆಗೆ ಒರಗಿದಳು.

"ಅದು ನೀವು ಬರೆದದ್ದು," ಎಂದರು ಅವರು ಮೆಲ್ಲಗೆ. "ಎರಡು ವರ್ಷದಿಂದ ನಿಮ್ಮ ವಾಕ್ಯ ಓದ್ತಿದ್ದೀನಿ ಮೇಡಂ. ಮೊದಲನೇ ಸಾಲಿಗೇ ಗೊತ್ತಾಗ್ಬೇಕಿತ್ತು. ಹದಿನೆಂಟರವರೆಗೂ ಹೊಳೀಲಿಲ್ಲ."

ಅವಳು ಮೊಬೈಲನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

"ಒಂದು ಕೇಳ್ಲಾ?" ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಕಿದ್ದು ಸೊಟ್ಟಗಾಯಿತು, ಸರಿಮಾಡಿಕೊಳ್ಳಲಿಲ್ಲ. "ಆ ರಿಪೇರಿಯವನು... ಗಡ್ಡದ ಮೇಷ್ಟ್ರಾ? ದಿನಾ ನಿಮ್ಮನ್ನ ಸ್ಕೂಟರಲ್ಲಿ ಬಸ್ ಸ್ಟಾಪಿನವರೆಗೆ ಬಿಡ್ತಾರಲ್ಲ, ಅದಕ್ಕೇ ಕೇಳ್ದೆ. ಅವರ ತೋಳಲ್ಲೂ ಸೀಮೆಸುಣ್ಣ ಇರುತ್ತೆ."

ಆರು ಮೆಟ್ಟಿಲು ಹತ್ತಿಸುವ ಈ ಮನುಷ್ಯ ಇಷ್ಟು ದಡ್ಡರೇ? ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಕುತ್ತಿಗೆಯಲ್ಲಿ ಒಂದು ನರ ಪಟಪಟ ಬಡಿಯುತ್ತಿತ್ತು. ಅವರಿಗೂ ಹೆದರಿಕೆಯಾಗಿದೆ ಎಂದು ಅವಳಿಗೆ ಆಗ ಕಂಡಿತು. ಆದರೆ ಯಾವ ಹೆದರಿಕೆ? ಎಲ್ಲಿ ಈಕೆ ನನ್ನ ಹೆಸರು ಹೇಳಿಬಿಡುತ್ತಾಳೋ ಎಂದೇ? ಅಥವಾ ಹೇಳದೆ ಹೋದಾಳು ಎಂದೇ? ಅದು ಗೊತ್ತಿದ್ದರೆ ಬಾಯಿ ತೆರೆಯುತ್ತಿದ್ದಳು. ಗೊತ್ತಿಲ್ಲದೆ ತುಟಿ ಅಲ್ಲಾಡಿಸುವಷ್ಟರಲ್ಲಿ ಒಳಗಿಂದ ದೊಡ್ಡ ಮೇಡಂ ಕೂಗಿದರು, "ಬರ್ತೀರೇನ್ರೀ, ಹೊತ್ತಾಯ್ತು!"

ಮತ್ತೆ ನಾಲ್ವರೂ ಮೇಜಿನ ಸುತ್ತ ಕೂತರು. ದೊಡ್ಡ ಮೇಡಂ ರಿಜಿಸ್ಟರ್ ಬಿಡಿಸಿ ಪೆನ್ನಿನ ಕ್ಯಾಪ್ ತೆಗೆದರು. "ಗದ್ಯಭಾಗ ಏಳು. ತೆಗೀಬೇಕು ಅಂದ್ರಲ್ಲ, ಕಾರಣ ಏನು?"

ಚಿಕ್ಕ ಮೇಡಂ ತನ್ನ ಮುಂದಿದ್ದ ಪ್ರತಿಯನ್ನು ಮಗುಚಿಟ್ಟಳು. ಏಣಿ ಮೇಷ್ಟ್ರು ಅವಳ ಮುಖ ನೋಡಿದರು.

"ನಾನು ಹೇಳ್ತೀನಿ," ಎಂದರು ಗಡಿಬಿಡಿಯಲ್ಲಿ. "ಮಟ್ಟ ಸಾಲದು ಮೇಡಂ. ಭಾವನೆ ತೆಳು. ಐದನೇ ಮೆಟ್ಟಿಲಲ್ಲಿ ತೂಗಿ ನೋಡಿದ್ರೆ ಇದು ನಿಲ್ಲಲ್ಲ."

ತನ್ನನ್ನು ಉಳಿಸಲೆಂದೇ ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಕಿವಿಯವರೆಗೂ ಕೆಂಪಾಗಿದ್ದರು. ಸುಮ್ಮನಿದ್ದರೆ ಸಾಕು, ಗಂಡಾಂತರ ಕಳೆಯುತ್ತದೆ. ದೊಡ್ಡ ಮೇಡಂ ಆಗಲೇ 'ಮಟ್ಟ' ಎಂದು ಬರೆಯತೊಡಗಿದ್ದರು. ತನ್ನ ಎರಡು ವರ್ಷದ ಜೀವದ ಮೇಲೆ 'ಭಾವನೆ ತೆಳು' ಎಂಬ ಷರಾ ಬೀಳುವುದನ್ನು ನೋಡುತ್ತಾ ಕೂರಲು ಅವಳಿಂದ ಆಗಲಿಲ್ಲ. ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ಕಾರಣ ಅದಲ್ಲ ಮೇಡಂ. ಅದು ಗದ್ಯಭಾಗವೇ ಅಲ್ಲ. ಕಾಗದ. ನಾನು ಬರೆದದ್ದು. ತಪ್ಪಿ ಫೈಲಿನಲ್ಲಿ ಸೇರಿಕೊಂಡಿದೆ."

ದೊಡ್ಡ ಮೇಡಂ ಪೆನ್ನು ಎತ್ತಿದರು. "ಯಾರಿಗೆ ಬರೆದದ್ದಮ್ಮಾ?"

ಈಗ ನಗುತ್ತಾರೆ, ಈಗ, ಎಂದುಕೊಳ್ಳುತ್ತಲೇ ಅವಳು ಹೇಳಿದಳು, "ಇವರಿಗೆ." ಕೈ ತೋರಿಸಲೂ ಆಗದೆ, ಕಣ್ಣಿನಿಂದಲೇ ಏಣಿ ಮೇಷ್ಟ್ರನ್ನು ತೋರಿಸಿದಳು.

ನಗು ಬರಲೇ ಇಲ್ಲ. ಗಡ್ಡದ ಮೇಷ್ಟ್ರು ಬಾಯಿ ತೆರೆದವರು ಮುಚ್ಚಲೇ ಇಲ್ಲ. ಏಣಿ ಮೇಷ್ಟ್ರು ಎದ್ದರು. ಯಾವುದಕ್ಕೂ ಅಂಶ ಅಂಶವಾಗಿ ಉತ್ತರ ಕೊಡುವ ಮನುಷ್ಯ, ಮಾತಿನ ತಲೆಬುಡ ಸಿಗದೆ ತಡವರಿಸಿದರು.

"ಮೇಡಂ, ಶುಕ್ರವಾರ... ನೀವು ತರ್ತಿದ್ದ ಪೇಪರು... ಅದರಲ್ಲಿ ತಪ್ಪೇ ಇರ್ತಿರಲಿಲ್ಲ. ಒಂದೂ ಇರ್ತಿರಲಿಲ್ಲ. ಆದ್ರೂ ನಾನು 'ಇನ್ನೊಮ್ಮೆ ನೋಡಿ' ಅಂತ ಬರೆದು ವಾಪಸ್ ಕೊಡ್ತಿದ್ದೆ. ನೋಡೋಕೆ ಅಲ್ಲೇನೂ ಇರ್ತಿರಲಿಲ್ಲ. ಮುಂದಿನ ಶುಕ್ರವಾರ ನೀವು ಮತ್ತೆ ಬರ್ಲಿ ಅಂತ, ಅಷ್ಟೇ. ಕಾರಿಡಾರಲ್ಲಿ ಗಡ್ಡದವರ ಹೆಸರು ಹೇಳಿದಾಗ ನೀವು ಹೌದು ಅಂದುಬಿಟ್ರೆ ಏನು ಮಾಡ್ಲಿ ಅಂತ ನನ್ನ ಕಾಲೇ ನಿಲ್ತಿರಲಿಲ್ಲ."

"ನನ್ನನ್ನ್ಯಾಕೆ ಎಳೀತೀರಿ ಮಾರಾಯ್ರೇ?" ಎಂದರು ಗಡ್ಡದ ಮೇಷ್ಟ್ರು. "ನನಗೆ ಇಬ್ಬರು ಮಕ್ಕಳು."

ದೊಡ್ಡ ಮೇಡಂ ಕನ್ನಡಕ ಕೆಳಗಿಟ್ಟರು. "ಎರಡು ವರ್ಷದಿಂದ ಮೇಲಿನವರು ಕೇಳ್ತಾನೇ ಇದ್ದಾರೆ, ನಿಮ್ಮ ಸಮಿತಿ ಕೆಲಸ ಯಾಕೆ ಇಷ್ಟು ನಿಧಾನ ಅಂತ. ಇಬ್ಬರೂ ಸೇರಿ ಸರಿ ಇರೋದನ್ನೇ ತಿದ್ದುತ್ತಾ ಕೂತಿದ್ರಾ?"

ಇಬ್ಬರೂ ತಲೆ ತಗ್ಗಿಸಿದರು. ದೊಡ್ಡ ಮೇಡಂ ಎಲ್ಲರ ಮುಂದಿದ್ದ ಪ್ರತಿಗಳನ್ನು ಒಟ್ಟುಮಾಡಿ ಏಣಿ ಮೇಷ್ಟ್ರ ಕೈಯಲ್ಲಿಟ್ಟರು. ಆಮೇಲೆ ತಾವು ಬರೆದಿದ್ದ 'ಮಟ್ಟ' ಎಂಬುದನ್ನು ಹೊಡೆದುಹಾಕಿ, ರಿಜಿಸ್ಟರನ್ನು ಚಿಕ್ಕ ಮೇಡಂ ಕಡೆ ತಳ್ಳಿದರು. "ಕಾರಣ ನೀವೇ ಬರೀರಿ."

ಅವಳ ಹನ್ನೆರಡು ವರ್ಷದ ಹೆದರಿಕೆ ಒಂದು ಮಧ್ಯಾಹ್ನಕ್ಕೆ ಗಂಟುಮೂಟೆ ಕಟ್ಟುತ್ತದೆಯೇ? ಆದರೂ ಪೆನ್ನು ತೆಗೆದುಕೊಂಡು, 'ಖಾಸಗಿ ಪತ್ರ. ಸೇರಬೇಕಾದವರಿಗೆ ಸೇರಿದೆ' ಎಂದು ಬರೆದು ಸಹಿ ಹಾಕಿದಳು.

ಎರಡನೇ ಸಹಿ ಬೇಕಿತ್ತು. ಏಣಿ ಮೇಷ್ಟ್ರು ಮೇಜು ಸುತ್ತಿ ಬಂದು ಅವಳ ಪಕ್ಕದಲ್ಲಿ ಬಗ್ಗಿದರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ, ಅವರು ಬರೆದು ಮುಗಿಸುವವರೆಗೂ ಅವಳು ಆ ಪುಟವನ್ನು ಅಲುಗದಂತೆ ಹಿಡಿದುಕೊಳ್ಳಬೇಕಾಯಿತು.