ಮೇಲಕ್ಕೆ ಬಾರದ ಮಾತು

“ಛೀ!”

ಸೋಮವಾರ ಅವಳು ವಾಕಿಟಾಕಿಯನ್ನು ಅವನ ಮೇಜಿನ ಮೇಲೆ ಎಸೆದಳು. ಶನಿವಾರದ ಚರಂಡಿ ಕೆಸರು ಒಣಗಿ ಅದಕ್ಕೇ ಅಂಟಿಕೊಂಡಿತ್ತು. ತೊಳೆಯಲೂ ಅವಳಿಗೆ ಮನಸ್ಸಾಗಿರಲಿಲ್ಲ.

ಒಳಚರಂಡಿ ಸುರಂಗದ ಸೂಪರ್‌ವೈಸರ್ ಅವಳು. ಕೊಳೆತ ಮೊಟ್ಟೆಯಂಥ ಆ ವಾಸನೆ ಎಂದೋ ಅಭ್ಯಾಸವಾಗಿತ್ತು. ಇವತ್ತು ಮೂಗು ಮುಚ್ಚಿಕೊಳ್ಳುವಂತಾಗಿದ್ದು ಈ ರೇಡಿಯೋ ಮೆಕ್ಯಾನಿಕ್‌ನ ಮುಖ ನೋಡಿ!

“ಬೇರೆ ಮೆಕ್ಯಾನಿಕ್ ಬೇಕು ಅಂತ ಸಾಹೇಬ್ರಿಗೆ ಹೇಳ್ತೀನಿ.”

ಅವನು ತಲೆ ತಗ್ಗಿಸಿ ವಾಕಿಟಾಕಿಯ ಕೆಸರು ಒರೆಸತೊಡಗಿದ. ಈ ಸಂಕೋಚವನ್ನೇ ತಾನು ಮೆಚ್ಚಿದ್ದಲ್ಲವೇ... ಥೂ! ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಶನಿವಾರ ಪಾಳಿ ಮುಗಿಯುವಾಗ ವಾಕಿಟಾಕಿಯಲ್ಲಿ ಅವನ ದನಿ ಬಂದಿತ್ತು. “ಮೇಡಂ... ಎದುರಿಗೆ ಕೇಳೋ ಧೈರ್ಯ ಇಲ್ಲ. ನನ್ನನ್ನ ಮದುವೆ ಆಗ್ತೀರಾ?”

ಮೊಣಕಾಲುದ್ದ ಕೆಸರಲ್ಲಿ ನಿಂತೇ “ಆಗ್ತೀನಿ” ಎಂದಿದ್ದಳು. ಜೊತೆಯವರು ಹೋ ಎಂದಿದ್ದರು. ಮೇಲೆ ಬಂದರೆ... ಅವನು ಹೊರಟೇಹೋಗಿದ್ದ!

“ಬೆಳಿಗ್ಗೆಯಿಂದ ‘ಅಕ್ಕಾ, ಮದುವೆ ಊಟ ಯಾವಾಗ’ ಅಂತ ಎಲ್ಲರೂ ಪ್ರಾಣ ತಿಂತಿದಾರೆ. ಆಟ ಆಡಿದ್ರಾ ನನ್ ಜೊತೆ?”

“ನೀವೇ ಏನೂ ಹೇಳ್ಲಿಲ್ಲ... ಕಾದೆ. ಬೇಡ ಅನ್ನೋಕೂ ಅಸಹ್ಯ ಆಗಿರಬೇಕು ಅಂದ್ಕೊಂಡೆ.”

“ಹೇಳ್ದೆ! ಎಲ್ಲರ ಮುಂದೆ ಹೇಳ್ದೆ!”

ಅವನು ದಡಬಡನೆ ಮ್ಯಾನ್‌ಹೋಲ್ ಕಡೆ ಓಡಿದ. ಅವಳೂ ಹಿಂದೆಯೇ ಹೋದಳು.

ಸುರಂಗದ ಮಾತು ತಾನಾಗಿ ಮೇಲಕ್ಕೆ ಬಾರದು. ಅದಕ್ಕೇ ಅವನು ಎರಡು ವಾಕಿಟಾಕಿಗಳನ್ನು ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ಅಲ್ಲಿ ತೂಗುಹಾಕಿದ್ದ. ಒಂದು ಸುರಂಗದ ತರಂಗಕ್ಕೆ, ಇನ್ನೊಂದು ಮೇಲಿನ ತರಂಗಕ್ಕೆ. ಒಂದು ಕೇಳಿದ್ದನ್ನು ಇನ್ನೊಂದು ನುಡಿಯುತ್ತದೆ. ಮಾತು ಇಳಿಯಲು ಒಂದು ತಂತಿ, ಏರಲು ಒಂದು.

ಪೆಟ್ಟಿಗೆಯ ಮುಚ್ಚಳ ತೆಗೆದರೆ ಗಪ್ಪೆಂದು ನಾತ! ಮಾತು ಏರಬೇಕಿದ್ದ ತಂತಿ ಚರಂಡಿ ಗಾಳಿಗೆ ಕಪ್ಪಾಗಿ, ಮುಟ್ಟುತ್ತಲೇ ತುಂಡಾಯಿತು.

ಅವನ ಮುಖ ಬಿಳಿಚಿಕೊಂಡಿತು. “ಥೂ ನನ್ ಜನ್ಮಕ್ಕೆ! ಕೆಳಗೆ ನೀವು ಕಾಪಾಡಿ ಅಂತ ಕೂಗಿದ್ರೂ ನಂಗೆ ಕೇಳಿಸ್ತಿರ್ಲಿಲ್ಲ. ನನ್ನ ಮಾನ ಹೋಯ್ತು ಅಂತ ಮನೆಗೆ ಹೋದ್ನಲ್ಲ... ತಂತಿ ನೋಡ್ಬೇಕು ಅನ್ನಿಸ್ಲಿಲ್ಲ.”

ಅವಳ ಸಿಟ್ಟು ಕರಗಿತು.

ಹೊಸ ತಂತಿ ಬೆಸೆದು, ಗಾಳಿಯಾಡದಂತೆ ಪೆಟ್ಟಿಗೆ ಮುಚ್ಚಿದ. ಪರೀಕ್ಷೆಗೆಂದು ಅವಳೇ ಕೆಳಗಿಳಿದಳು.

“ಮೇಡಂ, ಕೇಳಿಸ್ತಿದೆಯಾ?”

“ಕೇಳಿಸ್ತಿದೆ. ನನ್ ಮಾತು?”

“ನಿಮ್ದೂ ಕೇಳಿಸ್ತಿದೆ... ಇನ್ನೊಂದ್ಸಲ ಕೇಳ್ಲಾ?”

“ಬೇಡ. ಮೇಲೆ ಬರ್ತೀನಿ. ಎದುರಿಗೆ ಕೇಳಿ!”

ಏಣಿಯ ತುದಿಯಲ್ಲಿ ಅವನು ಕೈ ಚಾಚಿದ್ದ. ಕಪ್ಪು ಮೆತ್ತಿದ ಕೈ.

“ಛೀ, ಗಬ್ಬು ನಾರ್ತಿದೆ!” ಎನ್ನುತ್ತಲೇ ಹಿಡಿದು ಮೇಲೆ ಬಂದಳು.

“ಬಿಟ್ಬಿಡ್ಲಾ ಹಾಗಾದ್ರೆ?”

“ಬಿಟ್ಟು ನೋಡಿ!”