ಐಸಿನಲ್ಲಿಟ್ಟ ಬ್ಯಾಟರಿ

ಮೀನಿನ ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಪುಡಿ ಐಸಿನ ನಡುವೆ ನನ್ನ ಡ್ರೋನಿನ ಎರಡು ಬ್ಯಾಟರಿಗಳು ಬಂಗಡೆ ಮೀನಿನ ಹಾಗೆ ಮಲಗಿದ್ದವು.

"ರೋಷನ! ಎಂತ ಮಾಡಿಟ್ಟಿರಿ ಇದು?"

"ಹಾರಿ ಬಂದದ್ದು ಬಿಸಿ ಇತ್ತಲ್ಲ ಮೇಡಮ್. ಬಿಸಿ ಆರಿದ ಮೇಲೇ ಚಾರ್ಜಿಗೆ ಹಾಕೂದು ಅಂತ ನೀವೇ ಹೇಳಿದ್ರಿ. ಬೇಗ ಆರ್ಲಿ ಅಂತ..." ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಖುಷಿಯಿತ್ತು.

"ಇದೆಂತ ಮೀನಾ? ಒಳಗೆ ನೀರಿಳಿದ್ರೆ ಬ್ಯಾಟರಿ ಸತ್ತೇ ಹೋಗ್ತದೆ! ಇನ್ನು ನಿಮಗೆ ಮುಟ್ಟೂಕೆ ಕೊಡೂದಿಲ್ಲ."

ಅವನ ಮುಖ ಇಳಿದುಹೋಯಿತು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡಲಿ.

ಅದು ಶೆಟಗೇರಿಯ ನಮ್ಮ ಮಹಿಳಾ ಸಂಘದ ಡ್ರೋನು. ಅದರಿಂದ ಊರ ಗದ್ದೆಗಳಿಗೆ ಔಷಧಿ ಹೊಡೆಯುವುದು ನನ್ನ ಕೆಲಸ. ಅಮದಳ್ಳಿಯ ಮೀನುಗಾರರ ಮನೆಯ ರೋಷನ, ಮಳೆಗಾಲದಲ್ಲಿ ಬೋಟು ದಡದಲ್ಲಿದ್ದಷ್ಟು ದಿನ ನಮ್ಮ ಟೆಂಪೊ ಓಡಿಸಿ ಬ್ಯಾಟರಿ ಹೊರಲು ಬಂದವನು. ಈಗ ನಾರಳಿ ಹುಣ್ಣಿಮೆ ಕಳೆದಿತ್ತು, ಮೀನುಗಾರಿಕೆ ಶುರುಮಾಡಲು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಗಿತ್ತು. ಮರುದಿನ ಅವನ ಅಣ್ಣ ದೇವಿದಾಸನ ಬೋಟು ಹೊರಡುವುದಿತ್ತು. ಅದನ್ನು ಹತ್ತಿದರೆ ಅವನು ನಮ್ಮ ಕಡೆ ಬರುವುದು ಮುಂದಿನ ಮಳೆಗಾಲಕ್ಕೇ. ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. 'ಹೋಗಬೇಡ' ಎನ್ನಲು ಬಾಯಿ ಬಾರದು, ಬೈಯಲು ಮಾತ್ರ ಚೆನ್ನಾಗಿ ಬರುತ್ತದೆ.

ಬ್ಯಾಟರಿಗಳನ್ನು ಒರೆಸಿ ನೆರಳಲ್ಲಿ ಒಣಗಲು ಬಿಟ್ಟು, ಸಂಜೆ ಪರೀಕ್ಷೆಗೆ ಕೂತೆ. ಎಲ್ಲಾದರೂ ಉಬ್ಬಿದೆಯೇ ಎಂದು ಅಂಗೈ ಆಡಿಸಿದೆ. ಉಬ್ಬಿರಲಿಲ್ಲ. ಬ್ಯಾಟರಿ ಅಳೆಯುವ ಚೆಕ್ಕರ್ ಹಚ್ಚಿದೆ.

"ಅರವತ್ತು ಪರ್ಸೆಂಟ್ ಅಂತದೆ! ಹಾಳಾಗ್ಲಿಲ್ಲ ಅಲ್ವಾ ಮೇಡಮ್?"

"ಅದು ಚಾರ್ಜು. ಈಗ ಹೊಟ್ಟೇಲಿ ಎಷ್ಟುಂಟು ಅಂತ. ಹೆಲ್ತ್ ಬೇರೆ. ಹೊಟ್ಟೆಗೆ ಎಷ್ಟು ಹಿಡೀತದೆ, ಭಾರ ಬಿದ್ರೆ ತಡೀತದಾ ಅಂತ. ಒಳಗಿನ ಸೆಲ್ಲೆಲ್ಲ ಸಮ ಇರ್ಬೇಕು. ಒಂದು ಸೋತ್ರೂ ಉಳಿದವನ್ನ ಎಳ್ಕೊಂಡು ಬೀಳ್ತದೆ."

ಸೆಲ್ಲುಗಳ ಅಂಕಿಗಳು ಒಂದೊಂದಾಗಿ ಮೂಡತೊಡಗಿದವು. ರೋಷನ ನನ್ನ ಭುಜದ ಮೇಲಿಂದ ಬಗ್ಗಿ ನಿಂತಿದ್ದ. ಅವನ ಉಸಿರು ಕಿವಿಗೆ ತಾಗುತ್ತಿತ್ತು. ತಿರುಗಿ ನೋಡಿದರೆ ಅವನ ಕಣ್ಣು ನನ್ನ ಮೇಲಿತ್ತು.

"ಅಂಕಿ ಅಲ್ಲುಂಟು," ಎಂದೆ.

"ಕಾಣ್ತಾ ಉಂಟು," ಎಂದ, ಕಣ್ಣು ಕದಲಿಸದೆ.

ಅಂಕಿಗಳೆಲ್ಲ ಸಮವಾಗಿದ್ದವು. ನನ್ನ ಎದೆಬಡಿತ ಮಾತ್ರ ಏರುಪೇರಾಗಿತ್ತು.

ಇನ್ನು ಹಾರಿಸಿ ನೋಡಬೇಕಿತ್ತು. ಬಿದ್ದರೂ ಯಾರ ತಲೆಯ ಮೇಲೂ ಬೀಳದಿರಲೆಂದು ಅಂಕೋಲೆಯ ಖಾಲಿ ಕಡಲದಂಡೆಗೆ ಟೆಂಪೊ ಬಿಟ್ಟೆವು. ಡ್ರೋನು ಮರಳು ಹಾರಿಸುತ್ತ ಮೇಲೆದ್ದಿತು. ಭಾರ ಬಿದ್ದಾಗ ರಿಮೋಟಿನ ಪರದೆಯ ಅಂಕಿಗಳು ತುಸು ಇಳಿದು, ಅಲ್ಲೇ ಗಟ್ಟಿಯಾಗಿ ನಿಂತವು. ಸಮಾಧಾನವಾಯಿತು. ಇನ್ನಷ್ಟು ಮೇಲೇರಿಸಿ ಕ್ಯಾಮೆರಾವನ್ನು ಕಡಲಿನ ಕಡೆ ತಿರುಗಿಸಿದೆ.

ಇಬ್ಬರೂ ಪರದೆಯ ಮೇಲೆ ಬಗ್ಗಿದೆವು.

ಮುಳುಗುವ ಸೂರ್ಯನ ಬೆಳಕಿನಲ್ಲಿ ಕಡಲು ದಂಡೆಯಿಂದ ಆಕಾಶದವರೆಗೂ ಹಾಸಿಕೊಂಡಿತ್ತು. ನಡುವೆ ದೊಡ್ಡ ಕಪ್ಪು ಮಚ್ಚೆಯೊಂದು ಮೆಲ್ಲಗೆ ಸರಿಯುತ್ತಿತ್ತು.

"ಮೋಡದ ನೆರಳು," ಎಂದೆ.

"ನೆರಳಲ್ಲ ಮೇಡಮ್. ತಾರ್ಲಿ ಮೀನಿನ ಹಿಂಡು."

ಅವನು ಹೇಳಿ ಮುಗಿಸುವಷ್ಟರಲ್ಲಿ ಹಿಂಡು ಒಮ್ಮೆಗೇ ಹೊರಳಿತು. ಕಪ್ಪೆಲ್ಲ ಬೆಳ್ಳಿಯಾಗಿ ಮಿಂಚಿ ಮತ್ತೆ ಕಪ್ಪಾಯಿತು. ನನ್ನ ಮೈ ಜುಮ್ಮೆಂದಿತು. ಸಾವಿರಾರು ಜೀವಗಳು ಯಾರ ಅಪ್ಪಣೆಯೂ ಇಲ್ಲದೆ ಹೀಗೆ ಒಟ್ಟಿಗೆ ಹೊರಳುವುದನ್ನು ಗದ್ದೆಯಲ್ಲಿ ಬೆಳೆದ ನಾನು ಎಲ್ಲಿ ಕಂಡಿದ್ದೆ!

"ಹುಟ್ಟಿದಾಗಿಂದ ಇದ್ರ ಒಳಗೇ ಇದ್ದೆ," ರೋಷನ ಪಿಸುಗುಟ್ಟಿದ. "ಇಷ್ಟು ಚಂದ ಅಂತ ನಂಗೇ ಗೊತ್ತಿರ್ಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಗಂಡಸೊಬ್ಬ ಕಡಲನ್ನು ಹೀಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಪರದೆ ಮರೆತು ಆ ಮುಖವನ್ನೇ ನೋಡುತ್ತ ನಿಂತುಬಿಟ್ಟೆ.

"ಮೇಡಮ್, ಇಪ್ಪತ್ತೆಂಟು! ಇಳಿಸಿ, ಇಳಿಸಿ!"

ಚಾರ್ಜು ಮೂವತ್ತರ ಕೆಳಗಿಳಿದರೆ ಹಾರಿಸಬಾರದೆಂದು ಅವನಿಗೆ ಕಲಿಸಿದವಳು ನಾನೇ. ಗಡಿಬಿಡಿಯಲ್ಲಿ ಡ್ರೋನನ್ನು ಮರಳಿಗೆ ಇಳಿಸಿದೆ. ಬ್ಯಾಟರಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಚೆನ್ನಾಗಿಯೇ ಇತ್ತು.

"ನೀವು ಯಾವತ್ತೂ ಮರಿಯೂದಿಲ್ಲ. ಇವತ್ತು ಎಂತ ಆಯ್ತು?"

"ನಿನ್ನ ನೋಡ್ತಾ ಇದ್ದೆ."

ಬಾಯಿಂದ ಬಂದೇಬಿಟ್ಟಿತು. ಇನ್ನು ನುಂಗಿಕೊಂಡು ಫಲವಿರಲಿಲ್ಲ.

"ನಾಳೆ ಬೋಟ್ ಹತ್ಬೇಡ ರೋಷನ. ನಂಗೆ ನೀನು ಬೇಕು. ಬ್ಯಾಟರಿ ಹೊರೂಕಲ್ಲ."

ಅವನು ಕೈ ಚಾಚಿ, ಮತ್ತೆ ಹಿಂದೆಗೆದ.

"ಮುಟ್ಟೂಕೆ ಕೊಡೂದಿಲ್ಲ ಅಂದಿದ್ರಿ..."

"ಅದು ಬ್ಯಾಟರಿ ಬಗ್ಗೆ ಹೇಳಿದ್ದು ಮಾರಾಯಾ!"

ನಕ್ಕ. ನಗುತ್ತಲೇ ನನ್ನ ಕೈ ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಅಣ್ಣನಿಗೆ ಫೋನು ಹಚ್ಚಿದ.

"ದಾದಾ, ಹಾಂವ ಯೇನಾ."

ನಾನು ಬರುವುದಿಲ್ಲ ಎಂದದ್ದು. ಅಷ್ಟು ಕೊಂಕಣಿ ನನಗೂ ತಿಳಿಯುತ್ತದೆ. ಯಾಕೆಂದು ಅಣ್ಣ ಆ ಕಡೆಯಿಂದ ಕೇಳುತ್ತಲೇ ಇದ್ದ. ರೋಷನ ತಡವರಿಸುತ್ತ ನನ್ನ ಮುಖ ನೋಡಿದ. ಫೋನು ಕಸಿದುಕೊಂಡೆ.

"ದಾದಾ, ನಾನು ಭಾರತಿ. ನಾನೇ ಇವನನ್ನ ನಿಲ್ಸಿದ್ದು. ಬೈಯೂದಿದ್ರೆ ನಂಗೆ ಬೈಯಿರಿ."

ಆ ಕಡೆಯಿಂದ ದೊಡ್ಡ ನಗು.

"ಅಂತೂ ಹೇಳಿದ್ರಾ! ಇವ ಮಳೆಗಾಲ ಇಡೀ ನಿಮ್ಮ ಹೆಸರು ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ. ಇವನಿಗೆ ಹೇಳದೇ ಬೋಟಲ್ಲಿ ಇವನ ಜಾಗಕ್ಕೆ ಬೇರೆ ಖಲಾಸಿ ನೋಡಿ ವಾರ ಆಯ್ತು. ನಮ್ಮ ಆಯಿ ನಿಮ್ಮನ್ನ ನೋಡೂಕೆ ಕಾಯ್ತಾ ಕೂತಿದಾಳೆ. ಮನೆಗೆ ಯಾವಾಗ ಬರೂದು?"

ನನ್ನ ಕಣ್ಣು ತುಂಬಿ ಬಂತು.

"ಈಗ್ಲೇ ಹೊರಟೆ ದಾದಾ," ಎಂದೆ.